ಎರಡನೆಯ ಗೂಟ

ನನಗೆ ಮೂಗಿನ ತುದಿಯಲ್ಲೇ ಕೋಪ. ಶೆಡ್ಡಿನಲ್ಲಿ ಬೆಂಕಿ ಬೇಕಾದರೆ ಗ್ಯಾಸ್ ಹಚ್ಚಬೇಕಾಗಿಲ್ಲ, ನನ್ನ ಮಗನನ್ನು ಎರಡು ಸಲ ಕರೆದರೆ ಸಾಕು ಎಂದು ನಮ್ಮಪ್ಪ ಗಿರಾಕಿಗಳ ಮುಂದೆಯೇ ಹೇಳಿ ನಗಿಸುತ್ತಿದ್ದ. ನಾನೂ ನಗುತ್ತಿದ್ದೆ. ಕೋಪ ಇರುವವನ ಮನಸ್ಸು ಚೆನ್ನಾಗಿರುತ್ತದೆ ಎಂದು ಜನ ಹೇಳುವ ಮಾತನ್ನು ಬಹಳ ದಿನ ನಂಬಿದ್ದೆ. ಈಗ ನಂಬುವುದಿಲ್ಲ.

ಚನ್ನಗಿರಿಯಲ್ಲಿ ನಮ್ಮದೊಂದು ಕಾರು ರಿಪೇರಿ ಶೆಡ್. ಅಪ್ಪ ಹಾಕಿದ್ದು, ಅವನ ನಂತರ ನನ್ನದಾಯಿತು. ಅಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಕೆಲಸ ಮಾಡಿದವರು ಉಸ್ತಾದ್. ಕೆರೆಬಿಳಚಿಯಿಂದ ದಿನಾ ಬೈಕಿನಲ್ಲಿ ಬರುತ್ತಿದ್ದ ಮುಸಲ್ಮಾನರು, ಅಪ್ಪನಿಗೆ ಜೊತೆಗಾರ, ನನಗೆ ಗುರು. ಎಂಜಿನ್ನಿನ ಸದ್ದು ಕೇಳಿ ಕಾಯಿಲೆ ಹೇಳುವುದನ್ನು ನಾನು ಕಲಿತದ್ದು ಅವರಿಂದ. ಪ್ರತಿ ಆಯುಧಪೂಜೆಯ ಹಿಂದಿನ ದಿನ ಅವರೇ ಕೂತು ಪಾನಾ, ಸುತ್ತಿಗೆ, ಇಕ್ಕಳಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಹಲಗೆಯ ಮೇಲೆ ಜೋಡಿಸಿಟ್ಟು ಹಿಂದೆ ಸರಿಯುತ್ತಿದ್ದರು. ಮರುದಿನ ಅರಿಶಿನ ಕುಂಕುಮ, ಹೂವು, ದೀಪ ನಮ್ಮ ಮನೆಯವರದು. ಅಲ್ಲಿಂದ ವಿಜಯದಶಮಿಯ ಬೆಳಿಗ್ಗೆ ಪೂಜೆ ಇಳಿಸುವವರೆಗೆ ಒಂದು ಸ್ಕ್ರೂಡ್ರೈವರನ್ನೂ ಯಾರೂ ಎತ್ತುವುದಿಲ್ಲ. ಇದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ತಾವೇ ತಿಳಿದುಕೊಂಡು ನಡೆಯುತ್ತಿದ್ದರು.

ಎರಡು ವರ್ಷದ ಹಿಂದೆ ಹಬ್ಬದ ಹೊತ್ತಿಗೆ ನ್ಯಾಮತಿಯವರೊಬ್ಬರ ಕಾರು ನಮ್ಮಲ್ಲಿತ್ತು. ಎಂಜಿನ್ ಪೂರಾ ಜಾಮ್ ಆಗಿ, ದಾವಣಗೆರೆಯ ಗುಜರಿಯಿಂದ ಬೇರೆ ಎಂಜಿನ್ ತರಿಸಿದ್ದೆವು. ಎಂಜಿನ್ನಿನ ಹಿಂಭಾಗದಲ್ಲಿ, ಗೇರ್ ಬಾಕ್ಸ್ ಬಂದು ಕೂರುವ ಕಡೆ, ಕಿರುಬೆರಳಿನಷ್ಟು ದಪ್ಪದ ಎರಡು ಉಕ್ಕಿನ ಗೂಟಗಳಿರುತ್ತವೆ. ಡವೆಲ್ ಪಿನ್ ಅನ್ನುತ್ತಾರೆ. ಎಂಜಿನ್, ಗೇರ್ ಬಾಕ್ಸ್ ಎರಡನ್ನೂ ಬಿಗಿದು ಹಿಡಿಯುವುದು ಬೋಲ್ಟುಗಳ ಕೆಲಸ. ಎಲ್ಲಿ ಕೂರಬೇಕು ಎಂದು ಕೂದಲೆಳೆಯಷ್ಟೂ ತಪ್ಪದಂತೆ ತೋರಿಸುವುದು ಈ ಗೂಟಗಳ ಕೆಲಸ. ಅವಿಲ್ಲದೆ ಕೂರಿಸಿದರೂ ಗಾಡಿ ಓಡುತ್ತದೆ, ಸ್ವಲ್ಪ ದಿನ. ಆಮೇಲೆ ಕ್ಲಚ್ ತಿಂದು, ಬೇರಿಂಗ್ ತಿಂದು, ನಡುದಾರಿಯಲ್ಲಿ ಕೈಕೊಡುತ್ತದೆ. ಗುಜರಿಯಿಂದ ಬಂದ ಎಂಜಿನ್ನಿನಲ್ಲಿ ಆ ಗೂಟಗಳನ್ನು ಯಾವನೋ ಪುಣ್ಯಾತ್ಮ ಮೊದಲೇ ಕಿತ್ತುಕೊಂಡಿದ್ದ. ಆದ್ದರಿಂದ ಹಳೆಯ ಎಂಜಿನ್ನಿನವನ್ನೇ ಬಿಚ್ಚಿ ಇದಕ್ಕೆ ಹಾಕಬೇಕಾಗಿತ್ತು.

ಹಬ್ಬದ ಹಿಂದಿನ ದಿನ ಒಂದು ಗೂಟ ಹೊರಗೆ ಬಂತು. ಇನ್ನೊಂದು ತುಕ್ಕು ಹಿಡಿದು ಬೇರು ಬಿಟ್ಟಂತೆ ಕೂತಿತ್ತು. ಎಣ್ಣೆ ಬಿಟ್ಟು ನೆನೆಸಿಟ್ಟು, ಸಾಮಾನು ತೊಳೆಯುವ ಹೊತ್ತಾಯಿತೆಂದು ಬಿಟ್ಟೆವು.

ಮರುದಿನ ಪೂಜೆ ಮುಗಿದು, ಅಕ್ಕಪಕ್ಕದ ಅಂಗಡಿಯವರಿಗೆ ಮಂಡಕ್ಕಿ, ಕಾಯಿಚೂರು ಹಂಚುತ್ತಿದ್ದಾಗ ಕಾರಿನ ಯಜಮಾನರು ಬಂದರು. ಅವರ ಮಗಳನ್ನು ಜಗಳೂರಿಗೆ ಕೊಟ್ಟಿದ್ದರು, ಏಳು ತಿಂಗಳ ಬಸುರಿ. ವಿಜಯದಶಮಿಯ ದಿನವೇ ಹೆರಿಗೆಗೆ ತವರಿಗೆ ಕರೆತರುವುದೆಂದು ಎರಡೂ ಮನೆಯವರು ನಿಶ್ಚಯ ಮಾಡಿದ್ದರು. ಬಸ್ಸಿನಲ್ಲಿ ಕುಲುಕಿಸಿಕೊಂಡು ಬರುವುದು ಅವರಿಗೆ ಇಷ್ಟವಿರಲಿಲ್ಲ. ನಾಳೆ ಮಧ್ಯಾಹ್ನಕ್ಕಾದರೂ ಗಾಡಿ ಕೊಡಿ ಎಂದು ಕೂತರು. ಆ ಗೂಟ ಇವತ್ತೇ ಹೊರಗೆ ಬಂದರೆ, ನಾಳೆ ಬೆಳಿಗ್ಗೆ ಪೂಜೆ ಇಳಿಸಿದ ಕೂಡಲೇ ಎಂಜಿನ್ ಕೂರಿಸಿ ಮಧ್ಯಾಹ್ನಕ್ಕೆ ಬಿಡಬಹುದಿತ್ತು. ಬರದಿದ್ದರೆ ಇಲ್ಲ. ಒಂದೇ ಗೂಟದಲ್ಲಿ ಕೂರಿಸಿಬಿಡಿ ಎಂದರು ಅವರು. ಬಸುರಿ ಹೆಣ್ಣುಮಗಳು ಕೂರುವ ಗಾಡಿಗೆ ಅಂಥ ಕೆಲಸ ಮಾಡುವುದಿಲ್ಲ ಎಂದು ಉಸ್ತಾದ್ ಖಡಾಖಂಡಿತವಾಗಿ ಹೇಳಿ, ಪೂಜೆಗಿಟ್ಟ ಹಲಗೆಯ ಕಡೆ ಹೋದರು.

ನಾನು ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದೆ. ಹೂವಿನ ನಡುವೆ ಅವರು ಕೈ ಚಾಚಿದ್ದು ಕಾಣಿಸಿತು. ಆ ಕಡೆಯೇ ದೊಡ್ಡ ಇಕ್ಕಳವಿತ್ತು.

"ಉಸ್ತಾದ್, ನೀವು ಮುಟ್ಟಬ್ಯಾಡ್ರಿ."

ಜೋರಾಗಿಯೇ ಅಂದೆ. ಯಜಮಾನರು ತಿರುಗಿ ನೋಡಿದರು, ಮಂಡಕ್ಕಿ ತಿನ್ನುತ್ತಿದ್ದ ನಾಲ್ಕು ಜನವೂ ನೋಡಿದರು. ಯಾರೂ ಮುಟ್ಟಬೇಡಿ ಎಂಬುದು ನನ್ನ ಮನಸ್ಸಿನಲ್ಲಿದ್ದದ್ದು. ಬಾಯಿಂದ ಬಂದದ್ದು ಬೇರೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಚಿಕ್ಕಂದಿನಿಂದ ಕೇಳಿದವನೇ ನಾನು. ಆದರೂ ಅಷ್ಟು ಜನರ ಮುಂದೆ ಸರಿಪಡಿಸಿಕೊಳ್ಳಲು ನಾಲಿಗೆ ಏಳಲಿಲ್ಲ. ಉಸ್ತಾದ್ ಕೈ ಹಿಂದಕ್ಕೆ ತೆಗೆದುಕೊಂಡು ಪ್ಯಾಂಟಿಗೆ ಒರೆಸಿಕೊಂಡರು. ಅಂಗೈ ಶುದ್ಧವಾಗಿಯೇ ಇತ್ತು.

ಇನ್ನೂ ಒಂದು ಹೇಳಬೇಕು. ನಮ್ಮಪ್ಪನ ಕಾಲದಲ್ಲಿ ಒಮ್ಮೆ ಪೂಜೆಯ ದಿನವೇ ರೋಗಿಯನ್ನು ಕರೆದೊಯ್ಯುತ್ತಿದ್ದ ಜೀಪು ನಮ್ಮ ಬಾಗಿಲಲ್ಲಿ ಕೆಟ್ಟು ನಿಂತಿತ್ತು. ಅಪ್ಪ ತಪ್ಪಾಯ್ತು ತಾಯಿ ಎಂದು ಕೈಮುಗಿದು ಪಾನಾ ಎತ್ತಿದ್ದ. ದೇವರೇನೂ ಮುನಿಸಿಕೊಂಡಿರಲಿಲ್ಲ. ನಾನೂ ಹಾಗೆ ಇಕ್ಕಳ ಎತ್ತಿ ಉಸ್ತಾದರ ಕೈಗೆ ಕೊಡಬಹುದಿತ್ತು. ಕೊಡಲಿಲ್ಲ. ಜನರ ಮುಂದೆ ಒಮ್ಮೆ ಹಿಡಿದ ಪಟ್ಟು ಅದು, ಭಕ್ತಿಯಲ್ಲ.

ಅವರು ಶೆಡ್ಡಿನ ಹಿಂದಿನ ಗುಜರಿ ರಾಶಿಗೆ ಹೋದರು. ಪೂಜೆಗೆ ಬಾರದ ಸಾಮಾನೆಂದರೆ ಅಲ್ಲಿದ್ದದ್ದು ಮಾತ್ರ. ಹಿಡಿ ಮುರಿದ ಒಂದು ಸುತ್ತಿಗೆ, ಹಲ್ಲು ಸವೆದ ಒಂದು ಹಳೆಯ ಅರ ತಂದರು. ಕಬ್ಬಿಣ ಉಜ್ಜುವ ಅರಕ್ಕೆ ಸುತ್ತಿಗೆಯ ಏಟು ಹಾಕಬಾರದು, ಅದು ಗಾಜಿನ ಹಾಗೆ ಸಿಡಿಯುತ್ತದೆ ಎಂದು ನನಗೆ ಬೈದು ಕಲಿಸಿದವರು ಅವರೇ. ಹಳೆಯ ಎಂಜಿನ್ನಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಅರದ ತುದಿಯನ್ನು ಗೂಟದ ಪಕ್ಕಕ್ಕೆ ಕೊಟ್ಟು ಹೊಡೆಯತೊಡಗಿದರು. ಸ್ವಲ್ಪ ತಿರುಗಿದರೆ ಸಾಕು, ಆಮೇಲೆ ತಾನೇ ಬರುತ್ತದೆ ಎಂಬ ಲೆಕ್ಕ. ನಾನು ನೋಡುತ್ತಲೇ ಇದ್ದೆ. ಬಿಡಿ ಉಸ್ತಾದ್, ನಾಳೆ ನೋಡೋಣ ಎನ್ನಬೇಕೆಂದು ಬಾಯಿಗೆ ಬಂದಿತ್ತು. ಮೊದಲು ಅವರು ಮಾತಾಡಲಿ ಎಂದು ಸುಮ್ಮನಿದ್ದೆ.

ನಾಲ್ಕನೆಯ ಏಟಿಗೋ ಐದನೆಯ ಏಟಿಗೋ ಟಿಣ್ ಎಂದಿತು. ಉಸ್ತಾದ್ ಕೂಗಲಿಲ್ಲ. ಎಡಗಣ್ಣಿಗೆ ಅಂಗೈ ಒತ್ತಿಕೊಂಡು, ಏನೋ ಬಿದ್ದಿದೆ ನೋಡು ಎಂದರು. ಕೈ ಸರಿಸಿ ನೋಡಿದೆ. ನೀರು ಸುರಿಯುತ್ತಿತ್ತು, ಕರಿಗುಡ್ಡೆಯ ಅಂಚಿನಲ್ಲಿ ಸಾಸಿವೆಯಷ್ಟು ಗಾಯ. ಬೆಂಕಿ ಕೆಲಸಕ್ಕೆ ಹಾಕುವ ಕನ್ನಡಕವೂ ಹಲಗೆಯ ಮೇಲಿತ್ತು. ಅದರ ಎರಡೂ ಗಾಜಿಗೆ ಕುಂಕುಮವಿಟ್ಟವನು ನಾನೇ.

ಬಾಳೆಕಂದು ಕಟ್ಟಿದ, ಮುಂದಿನ ಗಾಜಿಗೆಲ್ಲ ಸೇವಂತಿಗೆ ಹಾರ ಇಳಿಬಿಟ್ಟ ಆಟೋದಲ್ಲಿ ಅವರನ್ನು ಆಸ್ಪತ್ರೆಗೆ ಕರೆದೊಯ್ದೆ. ಅಲ್ಲಿಂದ ದಾವಣಗೆರೆಗೆ ಕಳಿಸಿದರು. ಫೋಟೋ ತೆಗೆದಾಗ ಕಣ್ಣಿನೊಳಗೆ ಅಕ್ಕಿನುಚ್ಚಿನಷ್ಟು ಉಕ್ಕಿನ ಚೂರು ಕಂಡಿತು. ಡಾಕ್ಟರು ಹೇಗಾಯಿತು ಎಂದು ಕೇಳಿದರು. ನನ್ನದೇ ಅಜಾಗರೂಕತೆ ಎಂದು ಉಸ್ತಾದ್ ಹೇಳಿದರು. ಪಕ್ಕದಲ್ಲಿ ನಿಂತಿದ್ದ ನಾನು ಅದನ್ನು ಹಾಗೆಯೇ ಬಿಟ್ಟೆ. ಚೂರು ತೆಗೆದರು, ಕಣ್ಣು ಉಳಿಯಲಿಲ್ಲ.

ಆಸ್ಪತ್ರೆಯಿಂದ ಬಂದು ವಿಜಯದಶಮಿಯ ಮಧ್ಯಾಹ್ನ ಪೂಜೆ ಇಳಿಸಿದೆ. ಗೂಟದ ಸುತ್ತ ಬೆಂಕಿ ಹಿಡಿದು ಕಾಯಿಸಿ, ಇಕ್ಕಳದಲ್ಲಿ ಕಚ್ಚಿ ತಿರುಗಿಸಿದೆ. ಒಂದು ಟೀ ಕುಡಿಯುವಷ್ಟರಲ್ಲಿ ಕೈಗೆ ಬಂತು. ಆ ಹೊತ್ತಿಗೆ ಯಜಮಾನರ ಮಗಳು ಬಸ್ಸಿನಲ್ಲೇ ಹೊರಟಿದ್ದಳು. ದಾವಣಗೆರೆ, ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ ನ್ಯಾಮತಿಗೆ ಸುಖವಾಗಿ ಮುಟ್ಟಿದಳಂತೆ. ಫೋನಿನಲ್ಲಿ ಅದನ್ನು ಕೇಳಿ ನನಗೆ ಸಂತೋಷವಾಗಬೇಕಿತ್ತು, ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಎರಡು ತಿಂಗಳಾದ ಮೇಲೆ ಉಸ್ತಾದ್ ಶೆಡ್ಡಿಗೆ ಬಂದರು. ಒಂದು ಬೋಲ್ಟ್ ಹಿಡಿದು ತೂತಿಗೆ ಹಾಕಲು ಹೋದರೆ ಅದು ಪಕ್ಕಕ್ಕೆ ತಾಗುತ್ತಿತ್ತು. ಒಂದೇ ಕಣ್ಣಿಗೆ ದೂರ ಹತ್ತಿರ ತಿಳಿಯುತ್ತಿರಲಿಲ್ಲ. ಮೂರು ಸಲ ನೋಡಿ ಬೋಲ್ಟನ್ನು ನನ್ನ ಕೈಗಿಟ್ಟು, ಬಾಗಿಲ ಬಳಿ ಕೂತು, ಮಧ್ಯಾಹ್ನಕ್ಕೆ ಮನೆಗೆ ಹೋದರು. ಮತ್ತೆ ಬರಲಿಲ್ಲ. ಎಂಜಿನ್ನಿನ ಸದ್ದು ಕೇಳಿ ಎಲ್ಲ ಹೇಳಬಲ್ಲ ಮನುಷ್ಯ ಈಗ ಕೆರೆಬಿಳಚಿಯಲ್ಲಿ ಯಾರದೋ ಕಣದಲ್ಲಿ ಅಡಿಕೆ ಆರಿಸುತ್ತಾರೆ.

ಅವರ ಮುಂದೆ ಹೋಗಿ ನಿಲ್ಲಲು ನನಗೆ ಎರಡು ವರ್ಷ ಬೇಕಾಯಿತು. ಈ ಸಲ ಹಬ್ಬಕ್ಕೆ ವಾರ ಇರುವಾಗ ಹೋದೆ. ಚಾಪೆಯ ಮೇಲೆ ಅಡಿಕೆ ಹರಡಿಕೊಂಡು, ಒಂದೊಂದನ್ನೂ ಬಲಗಣ್ಣಿನ ಹತ್ತಿರ ತಂದು ನೋಡಿ ಪಾಲು ಮಾಡುತ್ತಿದ್ದರು. ಅವತ್ತು ಯಾರೂ ಮುಟ್ಟಬೇಡಿ ಎನ್ನಬೇಕಿತ್ತು, ನೀವು ಎಂದುಬಿಟ್ಟೆ, ಜಾತಿ ಮನಸ್ಸಿನಲ್ಲಿಟ್ಟುಕೊಂಡು ಅಂದದ್ದಲ್ಲ, ನೀವು ಇಕ್ಕಳಕ್ಕೆ ಕೈ ಹಾಕಿದಿರೆಂದು ಸಿಟ್ಟು ಬಂತು ಎಂದೆ. ಅಳು ಬಂತು, ತಡೆಯಲಿಲ್ಲ. ಅವರು ಕೈಯಲ್ಲಿದ್ದ ಅಡಿಕೆಯನ್ನು ಸೇರಬೇಕಾದ ರಾಶಿಗೆ ಹಾಕಿ ಆಮೇಲೆ ಮಾತಾಡಿದರು.

"ಇಕ್ಕಳಕ್ಕೆ ಯಾಕೆ ಕೈ ಹಾಕ್ಲೋ? ಇಪ್ಪತ್ತು ವರ್ಸ ಹಾಕಿಲ್ಲ. ದೀಪ ವಾಲಿತ್ತು, ಹೂವಿಗೆ ಬೆಂಕಿ ಹತ್ತೋ ಹಂಗೆ ಇತ್ತು. ಅದನ್ನ ನೆಟ್ಟಗೆ ಮಾಡಾಕೆ ಹೋದೆ."

ಅವರು ಇನ್ನೊಂದು ಅಡಿಕೆ ಎತ್ತಿಕೊಂಡರು.

"ನೀನು ಕೇಳಿದ್ರೆ ಹೇಳ್ತಿದ್ದೆ."