ಮೂಲೆ ಖಾಲಿ ಬಿಟ್ಟ ರಂಗೋಲಿ

ಪುಟ್ಟೀ, ಚಿನ್ನೂ,

ಮನೆಯಲ್ಲಿ ಕರೆಯುವ ಹೆಸರಿನಲ್ಲೇ ಬರೆಯುತ್ತಿದ್ದೇನೆ. ಶಾಲೆಯ ರಿಜಿಸ್ಟರಿನಲ್ಲಿರುವ ನಿಮ್ಮ ಹೆಸರುಗಳು ಈ ಹಾಳೆಗಳಲ್ಲಿ ಎಲ್ಲೂ ಇಲ್ಲ. ನೀವು ಫೋಟೋಗೆಂದು ಫೋನು ಎತ್ತಿದ ಕೂಡಲೇ ಅಜ್ಜಿ ಸೆರಗನ್ನು ಮುಖಕ್ಕೆ ಅಡ್ಡ ಹಿಡಿಯುತ್ತಾಳೆ ಎಂದು ನಗುತ್ತೀರಿ. ಹೋದ ಯುಗಾದಿಗೆ ನಿಮ್ಮಮ್ಮ ಬಾಗಿಲಿಗೆ ಬಿಟ್ಟ ರಂಗೋಲಿಯನ್ನು ಪುಟ್ಟಿ ಫೋಟೋ ತೆಗೆಯಲು ಬಂದಾಗ ನಾನು ಕಾಲಿನಿಂದ ಅಳಿಸಿಬಿಟ್ಟೆ. ಹಬ್ಬದ ದಿನ ರಂಗೋಲಿಯನ್ನು ಕಾಲಿನಿಂದ ಅಳಿಸಬಾರದು ಎಂದು ನನಗೂ ಗೊತ್ತು. ಪುಟ್ಟಿ ಆ ದಿನವೆಲ್ಲ ನನ್ನ ಹತ್ತಿರ ಮಾತಾಡಲಿಲ್ಲ. ಕಾರಣವನ್ನು ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ಅದಕ್ಕೇ ಬರೆದಿದ್ದೇನೆ.

ಎರಡು ಸಾವಿರ ಇಸವಿ ಕಳೆದು ಏಳೆಂಟು ವರ್ಷವಾಗಿತ್ತು. ನಿಮ್ಮ ತಾತ ತೀರಿಕೊಂಡು ನಾಲ್ಕು ವರ್ಷ. ನಾನು ಗೋವಿಂದರಾಜನಗರದ ಮನೆಯಲ್ಲಿ ಕೆಳಗೆ ಒಬ್ಬಳೇ ಇದ್ದೆ. ಹೊರಗಿನ ಮೆಟ್ಟಿಲು ಹತ್ತಿ ಹೋದರೆ ಮೇಲೆ ಶೀಟು ಹಾಕಿದ ಒಂದು ರೂಮು. ಅದಕ್ಕೆ ಬಿಜಾಪುರದ ಕಡೆಯ ಒಬ್ಬ ಹೆಂಗಸು ಬಾಡಿಗೆಗೆ ಬಂದಳು. ಮೂವತ್ತರ ಒಳಗಿನ ವಯಸ್ಸು. ರಾಜಾಜಿನಗರದ ಒಂದು ಆಫೀಸಿನಲ್ಲಿ ಕಂಪ್ಯೂಟರಿಗೆ ಅಂಕಿಸಂಖ್ಯೆ ತುಂಬುವ ಕೆಲಸ. ಎಡ ಮೊಣಕೈಯಿಂದ ಮುಂಗೈವರೆಗೆ ಸುಟ್ಟ ಗಾಯ ಮಾಯ್ದ ಗುರುತಿತ್ತು. ಒಲೆಯದೇ ಎಂದು ಕೇಳಿದೆ. "ಅಲ್ಲರಿ ಅಮ್ಮಾರ, ಗಂಡಂದು" ಎಂದಳು. ಯಾರಿಗೂ ಹೇಳದೆ ಅವನ ಮನೆ ಬಿಟ್ಟು ಬಂದಿದ್ದಳು. ಇರುವ ಜಾಗ ಅವನಿಗೆ ಗೊತ್ತಾದರೆ ಇನ್ನೊಂದು ಕೈಯೂ ಉಳಿಯುವುದಿಲ್ಲ ಎಂದಳು. ಮಾಮೂಲಿ ಮಾತು ಆಡುವ ಹಾಗೆಯೇ ಹೇಳಿದಳು.

"ನನ್ನ ಹೆಸರು ಒಂದು ಯಾರಿಗೂ ಹೇಳಬ್ಯಾಡ್ರಿ."

ಆಗಲಿ ಎಂದೆ. ನಿಮ್ಮ ತಾತನ ಹೆಸರನ್ನು ನಾನು ಬದುಕಿನಲ್ಲಿ ಒಂದು ಸಲವೂ ಬಾಯಿಬಿಟ್ಟು ಹೇಳಿದವಳಲ್ಲ. ರೇಷನ್ ಕಾರ್ಡಿನ ಸಾಲಿನಲ್ಲಿ ಕೇಳಿದರೆ ಪಕ್ಕದವರ ಮುಖ ನೋಡುತ್ತಿದ್ದೆ, ಅವರು ಹೇಳುತ್ತಿದ್ದರು. ಆಸ್ಪತ್ರೆಯಲ್ಲಿ ಚೀಟಿಯಲ್ಲಿ ಬರೆದು ತೋರಿಸಿದ್ದೆ. ಹೆಸರು ಕಾಯುವ ಕೆಲಸವನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ.

ನಮ್ಮೂರಲ್ಲಿ ಗಂಡನನ್ನು ಕಳೆದುಕೊಂಡವಳು ಬೀದಿ ಬಾಗಿಲಿಗೆ ರಂಗೋಲಿ ಬಿಡುತ್ತಿರಲಿಲ್ಲ. ಬೆಂಗಳೂರಿನಲ್ಲಿ ಅದನ್ನು ಕೇಳುವವರು ಯಾರೂ ಇರಲಿಲ್ಲ. ಆದರೂ ನನ್ನ ಕೈ ಮುಂದೆ ಹೋಗುತ್ತಿರಲಿಲ್ಲ. ನಾಲ್ಕು ವರ್ಷ ಬಾಗಿಲಿಗೆ ನೀರು ಹಾಕಿ ಹಾಗೇ ಒಳಗೆ ಬರುತ್ತಿದ್ದೆ. ಕಲಿತದ್ದು ಮರೆತುಹೋಗದಿರಲಿ ಎಂದು ಒಂದು ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಚುಕ್ಕಿ ಇಟ್ಟು ಬರೆಯುತ್ತಿದ್ದೆ. ಅದನ್ನು ಅವಳು ಒಂದು ಭಾನುವಾರ ನೋಡಿದಳು. ಮಾರನೆಯ ಬೆಳಿಗ್ಗೆ ನಾನು ಬಾಗಿಲು ತೆಗೆದರೆ, ಹೊಸ್ತಿಲ ಮುಂದೆ ನನ್ನ ಪುಸ್ತಕದ ಹದಿನೈದು ಚುಕ್ಕಿಯ ರಂಗೋಲಿ. ಒಳಗೆ ಹೋಗಿ ಸ್ವಲ್ಪ ಹೊತ್ತು ಅತ್ತೆ.

ಆಮೇಲೆ ದಿನವೂ ಅವಳೇ ಹಾಕಿದಳು. ನಾನು ಹೊಸ್ತಿಲ ಒಳಗೆ ಕೂತು ಗೆರೆ ಹೇಳಿಕೊಡುತ್ತಿದ್ದೆ. ಎಲ್ಲ ಮುಗಿದ ಮೇಲೆ ಅವಳು ಎಡಗಡೆಯ ಕೆಳಮೂಲೆಯಲ್ಲಿ ಮೂರು ಪುಟ್ಟ ಗೀಟು ಎಳೆಯುತ್ತಿದ್ದಳು, ಗುಬ್ಬಿ ಹೆಜ್ಜೆಯ ಹಾಗೆ.

"ಅದೇನಮ್ಮ?"

"ನಮ್ಮವ್ವ ಹಾಕತಿದ್ದಳ್ರಿ. ಗುಬ್ಬಿ ಬಂದು ಅಕ್ಕಿ ತಿಂದು ಹೋತು ಅಂತ." ಎಳೆದದ್ದು ಅವಳಿಗೇ ಗೊತ್ತಾಗುತ್ತಿರಲಿಲ್ಲ. ಬೇಡವೆಂದರೂ ಕೈ ಅಷ್ಟು ಮಾಡಿಯೇ ಏಳುತ್ತಿತ್ತು.

ಅವಳ ಫೋನಿನಲ್ಲಿ ಕ್ಯಾಮೆರಾ ಇತ್ತು. ಒಂದು ದಿನ, ಇಂಟರ್‌ನೆಟ್ಟಿನಲ್ಲಿ ನಿಮ್ಮ ರಂಗೋಲಿಗೆ ಒಂದು ಪುಟ ಮಾಡಿದ್ದೇನೆ ಎಂದಳು. ಹೆಸರೂ ಹಾಕಿಬಿಟ್ಟೆಯಾ ಎಂದು ಕೇಳಿದೆ. "ಹೆದರಬ್ಯಾಡ್ರಿ. ನಿಮ್ಮ ಹೆಸರಿಲ್ಲ, ನಂದಿಲ್ಲ, ಊರಿಲ್ಲ, ಮುಖ ಇಲ್ಲ. ಬರೇ ರಂಗೋಲಿ" ಎಂದಳು. ನಮ್ಮ ಬೀದಿಯ ಕೊನೆಯಲ್ಲಿ ಒಂದು ಬ್ರೌಸಿಂಗ್ ಸೆಂಟರ್ ಇತ್ತು, ನಡೆಸುತ್ತಿದ್ದವರು ಒಬ್ಬ ನಡುವಯಸ್ಸಿನ ಹೆಂಗಸು. ಅಲ್ಲಿಗೆ ಕರೆದುಕೊಂಡು ಹೋಗಿ ತೋರಿಸಿದಳು. ಪುಟದ ಕೆಳಗೆ ಯಾರು ಬೇಕಾದರೂ ಹೆಸರು ಹೇಳದೆ ಬರೆಯಬಹುದಿತ್ತು. ಎಲ್ಲಿಯವರೋ ಚೆನ್ನಾಗಿದೆ ಎಂದು ಬರೆದಿದ್ದರು. ಆ ದಿನ ನಾನು ಒಂದು ತುತ್ತು ಜಾಸ್ತಿ ಉಂಡೆ.

ಮಳೆಗಾಲದಲ್ಲಿ ಅವಳಿಗೆ ಆಫೀಸಿನಲ್ಲಿ ಕೆಲಸ ಹೆಚ್ಚಾಯಿತು. ಹತ್ತು ಹನ್ನೆರಡು ದಿನ ಪುಟದ ಕಡೆ ನೋಡಲು ಅವಳಿಗೆ ಆಗಲಿಲ್ಲ. ನನಗೆ ತಡೆಯಲಾಗದೆ ಒಂದು ಮಧ್ಯಾಹ್ನ ನಾನೇ ಬ್ರೌಸಿಂಗ್ ಸೆಂಟರಿಗೆ ಹೋದೆ. ಅಲ್ಲಿಯವರು ಪುಟ ತೆಗೆದುಕೊಟ್ಟರು. ಕೆಳಗೆ ಹೊಸದಾಗಿ ಒಂದು ಸಾಲು, ಇಂಗ್ಲಿಷ್ ಅಕ್ಷರದಲ್ಲಿ. ಹೆಸರಿರಲಿಲ್ಲ.

"ಇದು ಕನ್ನಡವೇ ಆಂಟಿ. ಇರಿ, ಓದ್ತೀನಿ. ಗುಬ್ಬಿ ಯಾವ ಊರಾಗ ಕುಂತೈತಿ, ಅಂತ ಕೇಳಿದ್ದಾರೆ." ಅವರು ನಕ್ಕರು. "ಯಾರೋ ಆ ಕಡೆಯವರು. ಉತ್ತರ ಬರೀಬೇಕಾ? ಹೇಳಿ, ಟೈಪ್ ಮಾಡ್ತೀನಿ."

ಮಕ್ಕಳೇ, ಇಲ್ಲಿಂದ ಮುಂದಕ್ಕೆ ಬರೆಯಲು ನನಗೆ ಎರಡು ದಿನ ಬೇಕಾಯಿತು.

ಯಾವೂರು ಎಂದು ಕೇಳಿದವರಿಗೆ ಊರು ಹೇಳುವುದು ನಾನು ಕಲಿತ ನಡತೆ. ಬಾವಿಕಟ್ಟೆಯಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಯಾರು ಕೇಳಿದರೂ ಹೇಳಬೇಕು. ಹೇಳದಿದ್ದರೆ ಸೊಕ್ಕು ಎನ್ನುತ್ತಿದ್ದರು. ನನ್ನ ಕಣ್ಣಿಗೆ ಇಂಟರ್‌ನೆಟ್ಟೆಂದರೆ ಎಲ್ಲೋ ದೂರದ ದೇಶ. ಅವಳ ಹೆಸರು ಹೇಳಬಾರದು ಎನ್ನುವುದು ನೆನಪಿತ್ತು, ಹೇಳಲಿಲ್ಲ. "ಬೆಂಗಳೂರು, ಗೋವಿಂದರಾಜನಗರ. ಗುಬ್ಬಿ ಚೆನ್ನಾಗಿದೆ, ಅಂತ ಬರೀರಿ" ಎಂದೆ. ಅವರು ಬರೆದರು. ಮನೆಗೆ ಬರುವಾಗ ಒಂದು ದೊಡ್ಡ ಕೆಲಸ ಮಾಡಿದ ಹಾಗೆ ಅನ್ನಿಸಿತ್ತು. ಅವಳು ರಾತ್ರಿ ಸುಸ್ತಾಗಿ ಬಂದಳು, ಆಮೇಲೆ ಹೇಳೋಣವೆಂದು ಬಿಟ್ಟೆ. ಮರೆತೂ ಹೋಯಿತು.

ಮೂರು ವಾರ ಏನೂ ಆಗಲಿಲ್ಲ.

ಒಂದು ಬೆಳಿಗ್ಗೆ ನೀರು ಹಾಕಲು ಬಾಗಿಲು ತೆಗೆದೆ. ಬೆಳಕು ಹರಿದಿತ್ತು. ಅವಳು ಇನ್ನೂ ಕೆಳಗೆ ಇಳಿದಿರಲಿಲ್ಲ, ನೆಲ ಖಾಲಿ ಇರಬೇಕಿತ್ತು. ಗೇಟಿನ ಒಳಗೆ ರಂಗೋಲಿ ಪುಡಿಯಲ್ಲಿ ಒಂದು ಗುಬ್ಬಿ ಹೆಜ್ಜೆ ಇತ್ತು. ಒಂದು ಮಾರು ದಾಟಿ ಇನ್ನೊಂದು. ಮೆಟ್ಟಿಲ ಬುಡದಲ್ಲಿ ಒಂದು. ಆಮೇಲೆ ಒಂದೊಂದು ಮೆಟ್ಟಿಲಿಗೂ ಒಂದೊಂದು. ನಾನು ನೋಡುತ್ತಾ ಹತ್ತಿದೆ. ಅವಳೇ ಆಟಕ್ಕೆ ಹಾಕಿದ್ದಾಳೆ ಎಂದುಕೊಂಡಿದ್ದೆ. ಆದರೆ ಗೆರೆಗಳು ದಪ್ಪ, ಅಳತೆ ತಪ್ಪಿದ್ದವು. ಎಂದೂ ರಂಗೋಲಿ ಹಿಡಿಯದ ಕೈ. ಕೊನೆಯ ಮೆಟ್ಟಿಲ ಮೇಲೆ ಮಾತ್ರ ಏನೂ ಇರಲಿಲ್ಲ. ಅವಳ ಬಾಗಿಲಿಗೆ ಒಂದು ಮೆಟ್ಟಿಲು ಬಾಕಿ ಬಿಟ್ಟು ಹೆಜ್ಜೆ ನಿಂತಿತ್ತು.

ಅಷ್ಟರಲ್ಲಿ ಅವಳು ಬಾಗಿಲು ತೆಗೆದಳು. ಕೆಳಗಿನವರೆಗೆ ನೋಡಿದಳು.

"ನಾ ಹಾಕಿಲ್ಲರಿ ಅಮ್ಮಾರ" ಎಂದು ಅಲ್ಲೇ ಹೊಸ್ತಿಲ ಮೇಲೆ ಕೂತಳು. "ಆರು ವರ್ಷ ಇದನ್ನ ದಾಟಿ ಹೊರಗ ಹೋಗ್ಯಾನ. ದಿನಾ ಕೇಳತಿದ್ದ, ಇವತ್ತು ಗುಬ್ಬಿ ಎಲ್ಲಿ ಕುಂತೈತಿ ಅಂತ."

ಆಗ ನನಗೆ ಬ್ರೌಸಿಂಗ್ ಸೆಂಟರಿನ ಸಾಲು ನೆನಪಾಯಿತು. ನಿಂತಲ್ಲೇ ಎಲ್ಲ ಹೇಳಿದೆ. ಏರಿಯಾ ಮಾತ್ರ ಬರೆಸಿದ್ದು, ಮನೆ ಗುರುತು ಬರೆಸಿಲ್ಲ ಎಂದೆ. ಅವಳು ನನ್ನನ್ನು ಬೈಯಲಿಲ್ಲ. "ಮನಿ ಗುರ್ತು ನಾನೇ ದಿನಾ ಬಾಗಿಲ ಮುಂದ ಬರದೀನಲ್ರಿ. ಮುಂಜಾನೆ ಎದ್ದು ಓಣಿ ಓಣಿ ತಿರುಗಿದ್ರ ಸಾಕು" ಎಂದಳು. ಆಮೇಲೆ, "ಹೆಸರಂತೂ ಹೇಳಿಲ್ಲ ನೀವು" ಎಂದಳು. ಸಮಾಧಾನಕ್ಕೆ ಹೇಳಿದಳೋ ಚುಚ್ಚಿದಳೋ, ಇವತ್ತಿಗೂ ನನಗೆ ತಿಳಿದಿಲ್ಲ.

ಪೊಲೀಸ್ ಸ್ಟೇಷನ್ನಿಗೆ ಹೋಗೋಣವೆಂದೆ. "ಅಲ್ಲಿ ಹೆಸರು, ಊರು, ಆಫೀಸು ಎಲ್ಲಾ ಬರಸಬೇಕಾಗ್ತದ್ರಿ" ಎಂದಳು. ಒಂದು ಗಂಟೆಯಲ್ಲಿ ಎರಡು ಬ್ಯಾಗು ಕಟ್ಟಿದಳು. ಎಲ್ಲಿಗೆ ಎಂದು ಕೇಳಲು ಬಾಯಿ ತೆರೆದೆ.

"ಕೇಳಬ್ಯಾಡ್ರಿ. ನಿಮಗ ಸುಳ್ಳು ಹೇಳಾಕ ಬರಂಗಿಲ್ಲ."

ಹಿಂದಿನ ಗಲ್ಲಿಯಿಂದ ಹೋದಳು. ನಾನು ಮೆಟ್ಟಿಲು ತೊಳೆದೆ. ಸಿಮೆಂಟಿನ ಸಂದಿಯೊಳಗೆ ಹೋದ ಬಿಳಿ ಪುಡಿ ಎಷ್ಟು ಉಜ್ಜಿದರೂ ಹೋಗಲಿಲ್ಲ.

ಎರಡನೆಯ ದಿನ ಮಧ್ಯಾಹ್ನ ಅವನು ಬಂದ. ಇಸ್ತ್ರಿ ಮಾಡಿದ ಶರ್ಟು, ಮೆತ್ತಗಿನ ಮಾತು. ಚಪ್ಪಲಿಯನ್ನು ಗೇಟಿನ ಹೊರಗೆ ಬಿಟ್ಟು ಬಂದ. ಕೈಯಲ್ಲಿ ರಂಗೋಲಿ ಪುಡಿಯ ಒಂದು ಪೊಟ್ಟಣ. ಅದನ್ನು ಕಟ್ಟೆಯ ಮೇಲೆ ಇಟ್ಟ.

"ಬಾಳ ಚಂದ ರಂಗೋಲಿ ನಿಮ್ಮವು. ನೀವು ಬರದದ್ದು ಓದಿದೆ, ಗುಬ್ಬಿ ಚೆನ್ನಾಗಿದೆ ಅಂತ. ಖುಷಿ ಆತು." ನೀರು ಕೇಳಿದ. ಕೊಟ್ಟೆ. ಚೊಂಬು ಎತ್ತಿ ಕುಡಿಯುವಾಗಲೂ ಕಣ್ಣು ಮೇಲಿನ ರೂಮಿನ ಬೀಗದ ಮೇಲಿತ್ತು. "ಈಗ ಎಲ್ಲಿಗೆ ಹಾರಿತ್ರಿ?"

"ಗೊತ್ತಿಲ್ಲಪ್ಪ." ಅದು ನಿಜವಾಗಿತ್ತು. ನನ್ನ ಪುಣ್ಯಕ್ಕೆ ನಿಜವಾಗಿತ್ತು.

ಅವನು ನನ್ನ ಮುಖವನ್ನೇ ನೋಡಿದ. ನಂಬಿದ ಎಂದು ಕಾಣುತ್ತದೆ. "ಇರ್ಲಿ ಬಿಡ್ರಿ, ನನಗೇನು ಅವಸರ ಇಲ್ಲ. ಆಕಿ ಎಲ್ಲಿದ್ರೂ ಮುಂಜಾನೆ ಎದ್ದು ಬಾಗಿಲಿಗೆ ರಂಗೋಲಿ ಹಾಕತಾಳ. ಮೂಲ್ಯಾಗ ಗುಬ್ಬಿ ಕುಂಡ್ರಸ್ತಾಳ. ಆಕಿ ಕೈ ಸುಮ್ಮ ಇರಂಗಿಲ್ಲ." ಚೊಂಬನ್ನು ಬೋರಲು ಹಾಕಿ ಇಟ್ಟು ಹೋದ.

ಅದನ್ನು ಅವಳಿಗೆ ತಿಳಿಸಬೇಕಿತ್ತು. ಅವಳಿರುವ ಜಾಗವೇ ನನಗೆ ಗೊತ್ತಿರಲಿಲ್ಲ. ಆಫೀಸಿನ ಕೆಲಸವನ್ನೂ ಬಿಟ್ಟಿದ್ದಳು, ಫೋನು ಸ್ವಿಚ್ ಆಫ್. ಉಳಿದದ್ದು ಆ ಪುಟ ಒಂದೇ. ಅದನ್ನು ಅವನೂ ನೋಡುತ್ತಿದ್ದ. ಸಂಜೆ ಬ್ರೌಸಿಂಗ್ ಸೆಂಟರಿಗೆ ಹೋಗಿ, ಹೆಸರು ಹಾಕದೆ ಮೂರೇ ಪದ ಬರೆಸಿದೆ: ಮೂಲೆ ಖಾಲಿ ಇರಲಿ.

"ಇಷ್ಟೇನಾ ಆಂಟಿ?"

"ಇಷ್ಟೇ ಕಣಮ್ಮ."

ದಿನವೂ ಹೋಗಿ ನೋಡಿದೆ. ಎಂಟನೆಯ ದಿನ ಪುಟವೇ ಇರಲಿಲ್ಲ. ಅಳಿಸಿದವಳು ಅವಳೋ, ಇನ್ಯಾರಾದರೂ ಅವಳ ಕೈಯಲ್ಲಿ ಅಳಿಸಿ ಹಾಕಿಸಿದರೋ ತಿಳಿಯುವ ದಾರಿ ಇರಲಿಲ್ಲ. ಆಮೇಲೆ ನಾನು ಬಸವೇಶ್ವರನಗರಕ್ಕೆ ಹೋಗಲಿ, ಕೆಂಗೇರಿಗೆ ಹೋಗಲಿ, ಬೆಳಗಿನ ಹೊತ್ತು ಮನೆಮನೆಯ ಬಾಗಿಲ ರಂಗೋಲಿಯ ಎಡಮೂಲೆ ನೋಡುತ್ತಿದ್ದೆ. ಒಂದು ದಿನ ಬಾಪೂಜಿ ನಗರದಲ್ಲಿ ಹಾಗೆ ಬಗ್ಗಿ ನೋಡುತ್ತಿದ್ದಾಗ, ಇದೇ ಹೊತ್ತಿಗೆ ಅವನೂ ಎಲ್ಲೋ ಹೀಗೇ ಬಗ್ಗಿ ನೋಡುತ್ತಿರಬಹುದು ಅನ್ನಿಸಿತು. ಅಲ್ಲಿಂದ ನೆಲ ನೋಡುವುದನ್ನು ಬಿಟ್ಟೆ.

ಒಂದೂವರೆ ವರ್ಷ ಕಳೆದ ಮೇಲೆ ಒಂದು ಲಕೋಟೆ ಬಂತು. ಕಳಿಸಿದವರ ವಿಳಾಸವಿಲ್ಲ, ಅಂಚೆ ಮುದ್ರೆ ಕಲಸಿಹೋಗಿತ್ತು. ಒಳಗೆ ಒಂದೇ ಹಾಳೆ, ಪೆನ್ಸಿಲಿನ ರಂಗೋಲಿ. ನಾನು ಅವಳೊಬ್ಬಳಿಗೇ ಹೇಳಿಕೊಟ್ಟದ್ದು, ಪುಟಕ್ಕೆ ಹಾಕದೆ ಉಳಿಸಿಕೊಂಡದ್ದು. ಎಡಗಡೆಯ ಕೆಳಮೂಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಬರೆದು ಅಳಿಸಿದ ಗುರುತೂ ಇರಲಿಲ್ಲ. ಅವಳ ಅವ್ವನ ಗುಬ್ಬಿಯನ್ನು ಅವಳ ಕೈ ಬಿಟ್ಟಿತ್ತು. ಹಾಗೆ ಬಿಡಲು ಎಷ್ಟು ಬೆಳಗು ಬೇಕಾಯಿತೋ.

ಆ ಹಾಳೆಯನ್ನು ಇದರ ಜೊತೆ ಮಡಿಸಿ ಇಟ್ಟಿದ್ದೇನೆ. ಪುಟ್ಟೀ, ಇವನ್ನೆಲ್ಲ ನನ್ನ ಬೀರುವಿನ ಕೆಳಖಾನೆಯಲ್ಲಿ, ರೇಷ್ಮೆ ಸೀರೆಯ ಅಡಿಗೆ ಇಡು. ಚಿನ್ನೂ, ಫೋಟೋ ತೆಗೆಯಬೇಡ ಕಣೋ, ಯಾರಿಗೂ ಕಳಿಸಬೇಡ. ನುಸಿಗುಳಿಗೆ ವರ್ಷಕ್ಕೊಂದು ಸಲ ಬದಲಾಯಿಸಿ. ಹಾಳೆಗಳು ಜೋಪಾನ.