ಗಡಿಯಾರದ ಕಡೆ, ಉಂಗುರದ ಕಡೆ

ಹೊಲಿಗೆ ಯಂತ್ರ ರಿಪೇರಿ ಮಾಡುವ ಮೇಸ್ತ್ರಿಗೆ ಎಡ ಯಾವುದು, ಬಲ ಯಾವುದು ಎಂದು ತಿಳಿಯದು. ಕಾಳಿನಷ್ಟು ಸಣ್ಣ ತಿರುಪನ್ನು ಕಣ್ಣು ಮುಚ್ಚಿ ಕೂರಿಸುವ ಗಂಡಸು, ಸ್ಟಿಯರಿಂಗ್ ಹಿಡಿದಾಗ 'ಎಡಕ್ಕೆ' ಅಂದರೆ ಬಲಕ್ಕೇ ತಿರುಗಿಸುತ್ತಿದ್ದ. ಮದುವೆಯಾದ ಹೊಸದರಲ್ಲೇ ಹೆಂಡತಿ ಈ ರೋಗವನ್ನು ಪತ್ತೆ ಮಾಡಿ ಮದ್ದನ್ನೂ ತಾನೇ ಅರೆದಳು. ಅವನ ಎಡಗೈಯಲ್ಲಿ ಗಡಿಯಾರ, ಬಲಗೈಯಲ್ಲಿ ಉಂಗುರ. "ಮುಂದೆ ಗಡಿಯಾರದ ಕಡೆ", "ಈಗ ಉಂಗುರದ ಕಡೆ" ಎಂದು ಪಕ್ಕದ ಸೀಟಿನಲ್ಲಿ ಕೂತು ಹೇಳುತ್ತಾ ಬಂದಳು. ಪ್ರತಿ ಸಲವೂ ಅವನು "ಹೂಂ ಕಣೇ" ಎಂದು ತಿರುಗುವನು. ಅವರ ದಾಂಪತ್ಯದ ಮಾತುಕತೆಯಲ್ಲಿ ಮುಕ್ಕಾಲು ಪಾಲು ಅದೇ. ಅವಳಿಗೆ ಅಷ್ಟು ಸಾಕಾಗಿತ್ತು.

ಹಿಂದಿನ ಸೀಟು ಕಿತ್ತು ಯಂತ್ರ ತುಂಬುತ್ತಿದ್ದುದರಿಂದ ಕಾರಿನಲ್ಲಿ ಉಳಿದದ್ದು ಎರಡೇ ಸೀಟು. ತನ್ನದಕ್ಕೆ ಅವಳು ಟೈಲರ್ ಅಂಗಡಿಗಳ ಚೂರುಬಟ್ಟೆ ಜೋಡಿಸಿ ಒಂದು ದಿಂಬು ಹೊಲಿದುಕೊಂಡಿದ್ದಳು. ಗಿರಾಕಿಗಳ ಮನೆಗೆ ಹೋದಾಗ ಅವನು ಒಳಗೆ ಯಂತ್ರ ಬಿಚ್ಚುತ್ತಿದ್ದರೆ ಇವಳು ಹೊರಗೆ ಆ ಮನೆಯವರ ಸುಖದುಃಖ ಬಿಚ್ಚುವಳು. ಯಾವ ಸೊಸೆ ಮುನಿಸಿಕೊಂಡಿದ್ದಾಳೆ, ಯಾವ ಅಜ್ಜಿಗೆ ಹೊಸ ಕನ್ನಡಕ ಬಂತು, ಎಲ್ಲ ಬಲ್ಲಳು. ಗಿರಾಕಿಗಳು ಅವಳನ್ನು ದಾರಿಯಕ್ಕ ಅನ್ನುತ್ತಿದ್ದರು. ಮನೆಯಲ್ಲಿ ಒಲೆ, ಬಟ್ಟೆ, ಪಾತ್ರೆ ಇದ್ದದ್ದೇ. ಅವಳ ಪಾಲಿಗೆ ಜಗತ್ತು ಅಂತ ಇದ್ದದ್ದು ಆ ಸೀಟಿನಲ್ಲಿ.

ಒಂದು ಸಂಜೆ ಗಂಡ ಬೆಣ್ಣೆಯಂಥ ದನಿಯಲ್ಲಿ ಹೇಳಿದ, "ತಮ್ಮ ಕಾರು ತಗೊಂಡಿದಾನೆ. ದಾರಿ ತೋರಿಸೋ ಜಿಪಿಎಸ್ ಡಬ್ಬಿ ಒಂದು ಕೊಡಿಸೋಣ ಅಂತಿದೀನಿ. ಆರಿಸೋಕೆ ನಿನಗಿಂತ ಗಟ್ಟಿಗರು ಯಾರಿದಾರೆ?"

"ಫೋನಲ್ಲೇ ಬರತ್ತಲ್ಲ?"

"ಯಾರಾದ್ರೂ ಫೋನ್ ಮಾಡಿದ್ರೆ ನಕ್ಷೆ ಮಾಯ. ಇದು ಹಾಗಲ್ಲ, ದಾರಿ ಹೇಳೋದೊಂದೇ ಕೆಲಸ."

ಹೊಗಳಿಕೆಗೆ ಯಾರು ತಾನೇ ಉಬ್ಬುವುದಿಲ್ಲ? ಅಂಗಡಿಗೆ ಹೋಗಿ ಬೆಂಡೆಕಾಯಿಯ ತುದಿ ಮುರಿದು ನೋಡುವ ಹಾಗೆ ಒಂದೊಂದನ್ನೂ ಪರೀಕ್ಷೆ ಮಾಡಿದಳು. ಒಂದರ ಪರದೆ ಬಿಸಿಲಿಗೆ ಹಿಡಿದರೆ ಏನೂ ಕಾಣದು. ಇನ್ನೊಂದಕ್ಕೆ ಸಿಗ್ನಲ್ ಇಲ್ಲದಿದ್ದರೆ ನಕ್ಷೆಯೇ ಇಲ್ಲ. ಮೂರನೆಯದಕ್ಕೆ ಲಾಂಡ್ರಿಯ ಹಿಂದಿನ ಓಣಿಯಿಂದ ಸೇತುವೆಗೆ ದಾರಿ ಕೇಳಿದಳು. ಆ ಓಣಿ ಕೊನೆಯಲ್ಲಿ ಗೋಡೆಗೆ ಮುಟ್ಟಿ ನಿಲ್ಲುತ್ತದೆಂದು ಅದಕ್ಕೆ ಗೊತ್ತಿತ್ತು.

"ಇದು ಜಾಣ. ಇದನ್ನೇ ಕೊಡಿ" ಅಂದಳು.

"ಇದರಲ್ಲಿ ನಿಮ್ಮ ಧ್ವನಿನೇ ತುಂಬಿಸಬಹುದಮ್ಮ" ಅಂದ ಅಂಗಡಿಯವನು.

"ನೀನೇ ಹೇಳೇ" ಎಂದು ಗಂಡ ಹುರಿದುಂಬಿಸಿದ. "ಅತ್ತಿಗೆ ದನಿ ಕೇಳಿದ್ರೆ ಅವನು ನೆಟ್ಟಗೆ ಓಡಿಸ್ತಾನೆ."

ಅವಳು ನಗುತ್ತಲೇ ಡಬ್ಬಿಯ ಹತ್ತಿರ ಬಾಯಿ ತಂದಳು. ಪರದೆ ಎಡಕ್ಕೆ ಅನ್ನಿ ಎಂದಿತು. ಅಭ್ಯಾಸಬಲ ನೋಡಿ, "ಗಡಿಯಾರದ ಕಡೆ" ಅಂದುಬಿಟ್ಟಳು. ಬಲಕ್ಕೂ ಅದೇ ಪಾಡು, "ಈಗ ಉಂಗುರದ ಕಡೆ". "ಅಯ್ಯೋ, ತಪ್ಪಾಯ್ತು. ಅಳಿಸಿಬಿಡಿ" ಎಂದು ನಾಲಿಗೆ ಕಚ್ಚಿಕೊಂಡಳು.

"ಇರಲಿ ಬಿಡು, ತಮಾಷೆಯಾಗಿದೆ" ಅಂದ ಗಂಡ.

ಆಗಲೇ ಅವಳ ಮೂಗಿಗೆ ವಾಸನೆ ಬಡಿಯಬೇಕಿತ್ತು. ಮೈದುನನಿಗೆ ಎಡಬಲ ಚೆನ್ನಾಗಿ ಗೊತ್ತು. ಅವನು ಗಡಿಯಾರವನ್ನೂ ಕಟ್ಟುವುದಿಲ್ಲ. ಆದರೆ ನಂಬಿದವರಿಗೆ ವಾಸನೆ ಎಲ್ಲಿ ಬರುತ್ತದೆ?

ಮರುದಿನ ಬೆಳಿಗ್ಗೆ ನೀರಿನ ಬಾಟಲಿ, ಕೈಚೀಲ ಹಿಡಿದು ಕಾರಿನ ಬಾಗಿಲು ತೆಗೆದಳು. ಅವಳ ಸೀಟಿನಲ್ಲಿ ಬಟ್ಟೆಯ ಅಂಚು ಹೊಲಿಯುವ ಒಂದು ಓವರ್‌ಲಾಕ್ ಯಂತ್ರ ಕೂತಿತ್ತು. ಅದಕ್ಕೆ ಬೆಲ್ಟು ಬಿಗಿದಿತ್ತು, ಕೆಳಗೆ ಅವಳ ದಿಂಬು ಇಟ್ಟಿತ್ತು. ಎದುರು ಗಾಜಿಗೆ ಅವಳೇ ಆರಿಸಿದ ಜಾಣ ಡಬ್ಬಿ ಅಂಟಿಕೊಂಡಿತ್ತು.

"ಇದೇನಿದು?"

"ಇನ್ನೊಂದು ಮಿಷನ್ ಹಿಡಿಸತ್ತೆ ನೋಡು" ಎಂದ ಗಂಡ, ಮುಖ ನೋಡದೆ. "ನಿನಗೂ ವಯಸ್ಸಾಯ್ತು. ಮನೇಲಿ ಆರಾಮಾಗಿರು."

"ತಮ್ಮನಿಗೆ ಅಂದ್ರಿ."

"ನಿಜ ಹೇಳಿದ್ರೆ ನೀನು ಇಷ್ಟು ಚೆನ್ನಾಗಿ ಆರಿಸ್ತಿದ್ಯಾ?"

ಇಳಿ ಎಂದು ನೇರವಾಗಿ ಹೇಳಿದ್ದರೆ ಜಗಳ ಆಡುತ್ತಿದ್ದಳು, ಎರಡು ದಿನ ಮಾತು ಬಿಡುತ್ತಿದ್ದಳು, ಆಮೇಲೆ ಇಳಿದೂ ಇಳಿಯುತ್ತಿದ್ದಳೇನೋ. ಅವನು ಕೇಳಲೇ ಇಲ್ಲ. ಹೊಗಳಿ ಅಂಗಡಿಗೆ ಕರೆದುಕೊಂಡು ಹೋಗಿ, ನಗಿಸಿ, ಅವಳ ಜಾಗಕ್ಕೆ ಬರುವುದನ್ನು ಅವಳೇ ಆರಿಸುವಂತೆ ಮಾಡಿದ್ದ.

"ನನ್ನ ಬೆರಳಿಂದ ನನ್ನ ಕಣ್ಣೇ ಚುಚ್ಚಿಸಿದ್ರಲ್ರೀ" ಅಂದಳು. "ಮೋಸ ಇದು."

"ಇಷ್ಟಕ್ಕೆಲ್ಲಾ ಮೋಸ ಅಂತಾರಾ?"

"ನನ್ನ ದಿಂಬಾದ್ರೂ ಕೊಡಿ."

"ಮಿಷನ್ ಅಲ್ಲಾಡತ್ತೆ. ಸಂಜೆ ಕೊಡ್ತೀನಿ."

ಕಾರು ಹೊರಟಿತು. ಬಾಟಲಿ ಹಿಡಿದುಕೊಂಡೇ ಅವಳು ಗೇಟಿನವರೆಗೆ ಹಿಂದೆ ಹೋದಳು. ಡಬ್ಬಿಯಲ್ಲಿ ಏನಾದರೂ ಎಡವಟ್ಟಾಗಲಿ, ಇವನು ಗೊಂದಲಗೊಂಡು ನಿಲ್ಲಲಿ, ತಿರುಗಿ ನೋಡಲಿ ಎಂದು ಮನಸ್ಸು ಬೇಡುತ್ತಿತ್ತು. ರಸ್ತೆಯ ತಿರುವಿನಲ್ಲಿ ಕಾರು ನಿಂತೂ ನಿಂತಿತು. ಅವಳು ಒಂದು ಹೆಜ್ಜೆ ಮುಂದಿಟ್ಟಳು.

ತೆರೆದ ಕಿಟಕಿಯಿಂದ ಅವಳದೇ ದನಿ ಕೇಳಿತು, ಅಂಗಡಿಯಲ್ಲಿ ನಕ್ಕ ನಗುವಿನ ಸಮೇತ: "ಈಗ ಉಂಗುರದ ಕಡೆ."

"ಹೂಂ ಕಣೇ" ಅಂದ ಅವನು, ಮತ್ತು ತಿರುಗಿದ.