ತಾಳ್ಮೆ ನೋಡಿ ಕೊಟ್ಟ ಕೆಲಸ

ಗೆಳೆಯರೇ, ಹರಪನಹಳ್ಳಿಯಲ್ಲಿ ನಾನು ನರ್ಸ್ ಆಗಿರುವ ಸಣ್ಣ ಆಸ್ಪತ್ರೆಯಲ್ಲಿ ಇವತ್ತು ಬೆಳಿಗ್ಗೆ ಆಯಾ ಕೆಲಸಕ್ಕೆ ಸಂದರ್ಶನ. ಈ ಸಲ ಓದು-ಬರಹ ಕೇಳುವುದಿಲ್ಲ, ಸ್ವಭಾವ ನೋಡಿ ಆರಿಸುತ್ತೇನೆ ಎಂದು ನಮ್ಮ ಡಾಕ್ಟರು ಹಟ ಹಿಡಿದಿದ್ದರು. ಪಕ್ಕದಲ್ಲಿ ನನ್ನನ್ನೂ ಕೂರಿಸಿಕೊಂಡಿದ್ದರು.

"ರೋಗಿ ಕಡೆಯವ್ರು ಬಾಯಿಗೆ ಬಂದಂಗ ಬೈದ್ರ ಏನ್ ಮಾಡ್ತಿ?" ಎಂದು ಎಲ್ಲರಿಗೂ ಒಂದೇ ಪ್ರಶ್ನೆ.

ಮೊದಲು ಬಂದವಳು, "ನಾನೂ ಬೈತೀನ್ರಿ, ಬಿಡ್ತೀನೇನು?" ಎಂದಳು. ಡಾಕ್ಟರು ನಕ್ಕು ಕಳಿಸಿಬಿಟ್ಟರು.

ಆಮೇಲೆ ಬಂದವಳು ರೇಣುಕಾ, ಹಂಪಸಾಗರದಿಂದ ಈ ಊರಿಗೆ ಮದುವೆಯಾಗಿ ಬಂದವಳು. "ಸುಮ್ನ ನಿಂತ್ಕಂತೀನ್ರಿ" ಎಂದಳು.

"ಕೈ ಎತ್ತಿದ್ರ?"

"ಮುಖ ಮುಚ್ಕಂತೀನ್ರಿ. ಉಳಿದ ಕಡಿ ಬಿದ್ರ ಸೀರಿ ಒಳಗ ಯಾರಿಗೂ ಕಾಣಂಗಿಲ್ರಿ."

ನಾನು ಅವಳ ಕಡೆ ತಿರುಗಿ ನೋಡಿದೆ. ಡಾಕ್ಟರು ಮಾತ್ರ ತಲೆದೂಗಿ, "ನೋಡ್ರಿ ಸಿಸ್ಟರ್, ಇಂಥಾ ತಾಳ್ಮಿ ಬೇಕು" ಎಂದರು. ಕೆಲಸ ಅವಳಿಗೇ ಆಯಿತು.

ಹೊರಗೆ ಕರೆದುಕೊಂಡು ಬಂದು, "ಮನ್ಯಾಗ ಯಾರವ್ವಾ ಹೊಡಿಯೋದು?" ಎಂದು ಮೆಲ್ಲಗೆ ಕೇಳಿದೆ. ಅವಳು ಸೆರಗನ್ನು ಭುಜದ ತುಂಬ ಎಳೆದುಕೊಂಡಳು. "ಅಕ್ಕಾರ, ನನಗ ರಾತ್ರಿ ಪಾಳಿ ಕೊಡಸ್ರಿ. ದಿನಾ ರಾತ್ರಿದ ಇದ್ರೂ ಬರ್ತೀನಿ" ಎಂದಳು. ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಉಳಿದಿರಲಿಲ್ಲ.

ಒಳಗೆ ಹೋಗಿ ಅವಳು ಕೇಳಿದ ಪಾಳಿಯನ್ನಷ್ಟೇ ಹೇಳಿದೆ. ಡಾಕ್ಟರ ಮುಖ ಅರಳಿತು. "ರಾತ್ರಿ ಪಾಳಿ ತಾನಾಗೇ ಬೇಡ್ಯಾಳಂದ್ರ, ಕೆಲಸದ ಮ್ಯಾಲೆ ಎಷ್ಟು ಪ್ರೀತಿ ನೋಡ್ರಿ!"

ಸ್ವಭಾವ ಓದುವುದರಲ್ಲಿ ನಮ್ಮ ಡಾಕ್ಟರನ್ನು ಮೀರಿಸುವವರಿಲ್ಲ.